ಹಾಡಿದವರ ಹೆಸರು

1984ರ ಅಕ್ಟೋಬರ್ 8ರಂದು ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 52ಎ ಎಂಬ ಕಲಮು ಸೇರಿತು. ಅಂದಿನಿಂದ ಈ ದೇಶದಲ್ಲಿ ಹೊರಬರುವ ಪ್ರತಿ ಗ್ರಾಮಫೋನ್ ಪ್ಲೇಟು, ಪ್ರತಿ ಕ್ಯಾಸೆಟ್ಟಿನ ಮೇಲೆ ಮೂರು ಸಂಗತಿ ಅಚ್ಚಾಗಿರಲೇಬೇಕು: ಧ್ವನಿಮುದ್ರಣ ಮಾಡಿದವರ ಹೆಸರು-ವಿಳಾಸ, ಹಕ್ಕುದಾರರ ಹೆಸರು-ವಿಳಾಸ, ಮೊದಲು ಪ್ರಕಟವಾದ ವರ್ಷ. ಇವನ್ನು ಹಾಕದೆ ಹೊರತಂದವರಿಗೆ ಮೂರು ವರ್ಷದವರೆಗೆ ಸೆರೆ, ಮೇಲೆ ದಂಡ. ಕಳ್ಳ ಕ್ಯಾಸೆಟ್ಟುಗಳ ಹಾವಳಿ ತಡೆಯಲು ತಂದ ಕಾನೂನು ಅದು. ಆದರೆ ಸಣ್ಣ ಊರುಗಳ ಕ್ಯಾಸೆಟ್ ಕಂಪನಿಗಳ ಚರಿತ್ರೆ ಹುಡುಕುವವರಿಗೆ ಅದರಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ. ಡಬ್ಬಿಯೊಳಗೆ ಮಡಿಸಿಟ್ಟ ಬಣ್ಣದ ಕಾಗದವನ್ನು ಪೂರ್ತಿ ಬಿಡಿಸಿದರೆ ಒಳಮಡಿಕೆಯಲ್ಲಿ ಬಹಳ ಸಣ್ಣ ಅಕ್ಷರದಲ್ಲಿ ಒಂದು ಅಂಗಡಿಯ ಹೆಸರು, ಒಂದು ಬೀದಿ, ಒಂದು ಇಸವಿ ಸಿಗುತ್ತದೆ. ಕಂಪನಿ ಮುಚ್ಚಿ, ಅಂಗಡಿಯ ಜಾಗದಲ್ಲಿ ಮೊಬೈಲ್ ಮಾರುವವರು ಬಂದು ಕೂತ ಮೇಲೂ ಆ ಸಾಲು ಉಳಿದಿರುತ್ತದೆ.

ನನ್ನ ಹುಡುಕಾಟ ಮೇಡ್ಲೇರಿಯಿಂದ ಶುರುವಾಯಿತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಹೋಬಳಿ ಊರು ಅದು, ತುಂಗಭದ್ರೆಯ ದಂಡೆಯ ಸೀಮೆ. ಹಾಲುಮತದವರ ಡೊಳ್ಳಿನ ಪದ, ಎಲ್ಲಮ್ಮನ ಚೌಡಿಕೆ ಪದ, ದೇವರಗುಡ್ಡಕ್ಕೂ ಹೊಳೆಯಾಚೆಯ ಮೈಲಾರಕ್ಕೂ ನಡೆಯುವ ಗೊರವರ ಹಾಡು, ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಶಿಶುನಾಳ ಶರೀಫರ ತತ್ವಪದ, ಇವೆಲ್ಲ ಬೆರೆತ ನೆಲ. ಈ ಸೀಮೆಯಲ್ಲಿ ಈಗ ನಡುವಯಸ್ಸಿನಲ್ಲಿರುವವರು ಈ ಪದಗಳನ್ನು ಎರಡು ದಾರಿಯಿಂದ ಕಲಿತವರು. ಮೇಳದ ಹಿಂದೆ ಕೂತು ಕಲಿತದ್ದು ಒಂದು. ಜಾತ್ರೆಯ ಮೈಕಿನಿಂದ, ಮನೆಯ ಟೇಪಿನಿಂದ ಕಿವಿಗೆ ಬಿದ್ದದ್ದು ಇನ್ನೊಂದು. ಹಾಡು ನೆನಪಿದೆ, ಕ್ಯಾಸೆಟ್ಟಿನ ಬಣ್ಣ ನೆನಪಿದೆ, ಯಾವ ಊರಿನ ಬಸ್‌ ನಿಲ್ದಾಣದ ಎದುರು ಕೊಂಡದ್ದೆಂಬುದೂ ನೆನಪಿದೆ. ಹಾಡನ್ನು ಟೇಪಿಗೆ ಇಳಿಸಿದವರು ಯಾರು, ಹಾಡಿದವರಿಗೆ ಅದರಿಂದ ಏನು ಸಂದಿತು ಎಂದು ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಕಾಗದದ ಬೆನ್ನು ಹತ್ತಿದೆ.

ಪುಸ್ತಕದ ಚರಿತ್ರೆ ಹುಡುಕುವವರು ಪುಣ್ಯವಂತರು. 1867ರ 25ನೇ ಕಾಯ್ದೆಯ ಪ್ರಕಾರ ಬ್ರಿಟಿಷ್ ಭಾರತದಲ್ಲಿ ಅಚ್ಚಾದ ಪ್ರತಿ ಪುಸ್ತಕವನ್ನೂ ಸರ್ಕಾರಕ್ಕೆ ಒಪ್ಪಿಸಿ ನೋಂದಾಯಿಸಬೇಕಿತ್ತು. ಹಾವೇರಿ ಆಗ ಧಾರವಾಡ ಜಿಲ್ಲೆಯೊಳಗೆ, ಧಾರವಾಡ ಮುಂಬೈ ಪ್ರಾಂತದೊಳಗೆ. ಮುಂಬೈ ಪ್ರಾಂತದ ಮೂರು ತಿಂಗಳಿಗೊಮ್ಮೆಯ ಪಟ್ಟಿಗಳನ್ನು ತೆರೆದರೆ ಕನ್ನಡದ ನಾಟಕದ ಪುಸ್ತಕ, ಪದಗಳ ಪುಸ್ತಕಗಳಿಗೆ ಅಚ್ಚಾದ ಊರು, ಮುದ್ರಕನ ಹೆಸರು, ಪುಟ, ಬೆಲೆ, ಎಷ್ಟು ಪ್ರತಿ ಎಂಬುದರವರೆಗೆ ಎಲ್ಲ ವಿವರವೂ ಇದೆ. ಅದಕ್ಕಿಂತ ಹಳೆಯ ಬಾಯಿಮಾತಿನ ಲಾವಣಿಗಳಿಗೂ ಒಬ್ಬ ಬರಹಗಾರ ಸಿಕ್ಕಿದ್ದ. ಶಾಸನಗಳ ಪಂಡಿತ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಸಂಗೊಳ್ಳಿ ರಾಯಣ್ಣ, ಸಂಗ್ಯಾ, ಹಲಗಲಿ ಬೇಡರ ಲಾವಣಿಗಳನ್ನು ಕನ್ನಡ ಪಾಠಸಮೇತ ಪ್ರಕಟಿಸಿದ.

ಧ್ವನಿಗೆ ಇಂಥ ಕಾನೂನು ಬರಲೇ ಇಲ್ಲ. 1867ರ ಕಾಯ್ದೆ ಬರುವಾಗ ಧ್ವನಿಮುದ್ರಣವೇ ಇರಲಿಲ್ಲ ಎನ್ನೋಣ. ಸ್ವಾತಂತ್ರ್ಯದ ನಂತರ, 1954ರಲ್ಲಿ, ಪ್ರತಿ ಪುಸ್ತಕದ ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಮೂರು ಗ್ರಂಥಾಲಯಗಳಿಗೂ ಕಳಿಸಬೇಕೆಂದು ಮತ್ತೊಂದು ಕಾಯ್ದೆ ಮಾಡಿದರು, ಎರಡು ವರ್ಷದ ನಂತರ ಅದಕ್ಕೆ ಪತ್ರಿಕೆಗಳನ್ನೂ ಸೇರಿಸಿದರು. ಆಗ ಮನೆಮನೆಯಲ್ಲೂ ಗ್ರಾಮಫೋನ್ ಹೆಸರು ಗೊತ್ತಿತ್ತು, ಆದರೂ ಪ್ಲೇಟುಗಳನ್ನು ಬಿಟ್ಟರು. ನನ್ನ ಮಟ್ಟಿಗೆ ಇದು ನಮ್ಮ ಗ್ರಂಥಾಲಯ ಕಾನೂನಿನ ಅತಿ ದೊಡ್ಡ ಲೋಪ. ಎಂಟು ಪುಟದ ಜಾಹೀರಾತು ಪಂಚಾಂಗಕ್ಕೆ ಸಿಕ್ಕ ಮರ್ಯಾದೆ ಡೊಳ್ಳಿನ ಪದಕ್ಕೆ ಸಿಗಲಿಲ್ಲ. ಸಾವಿರಾರು ಕ್ಯಾಸೆಟ್ಟುಗಳು ಯಾವ ಸರ್ಕಾರಿ ಪಟ್ಟಿಯಲ್ಲೂ ಒಂದು ಸಾಲಾಗಿಯೂ ಉಳಿಯದೆ ಬಂದು ಹೋದವು. ಹಾಗಾಗಿ ವಸ್ತುವನ್ನೇ ಓದಬೇಕು: ಲೇಬಲ್ಲು, ಪ್ಲೇಟಿನ ಗೆರೆಗಳು ಮುಗಿದ ಜಾಗದಲ್ಲಿ ಕೆತ್ತಿದ ಸಂಖ್ಯೆ, ಕ್ಯಾಸೆಟ್ಟಿನ ಕಾಗದ.

ಪ್ಲೇಟಿನ ಕಾಲದಿಂದಲೇ ಹೊರಟೆ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗ್ರಾಮಫೋನ್ ಕಂಪನಿಯ ಯಂತ್ರ ಹೊತ್ತು ಕಲ್ಕತ್ತೆಗೆ ಬಂದ. ಗೌಹರ್ ಜಾನ್ ಆಗ ಹಾಡಿದಳು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಇವತ್ತಿಗೂ ಕೇಳುತ್ತದೆ. ಅದು ಬಿಂಕ ಎಂದು ಬರೆದವರಿದ್ದಾರೆ. ಕಾರಣ ಬೇರೆ. ಮುದ್ರಿಸಿದ ಮೂಲ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕು; ಹಿಂದೂಸ್ತಾನಿಯ ಒಂದಕ್ಷರ ತಿಳಿಯದ ಅಲ್ಲಿನ ಕೆಲಸಗಾರರು ಯಾವ ತಟ್ಟೆಗೆ ಯಾವ ಲೇಬಲ್ಲು ಹಚ್ಚಬೇಕೆಂಬುದನ್ನು ತಿಳಿಯಲು ಆ ಕೂಗು ಬೇಕಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಪ್ಲೇಟು ಒತ್ತುವ ಕಾರ್ಖಾನೆ ಶುರುವಾದ ಮೇಲೆ ಅದರ ಅಗತ್ಯ ಕಡಿಮೆಯಾಯಿತು. ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನಕ್ಕೆ ಕರೆಸಿಕೊಂಡಿದ್ದರು, 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು. ಹಾಡಿದವರ ಹೆಸರು ಹಾಡಿನೊಳಗೇ ಉಳಿದದ್ದು ಕಾರ್ಖಾನೆಯ ಒಂದು ಅನುಕೂಲಕ್ಕಾಗಿ ಎಂಬುದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಮುಂದೆ ಅದು ಉಪಯೋಗಕ್ಕೆ ಬಂತು.

ಹತ್ತು ಇಂಚಿನ ಪ್ಲೇಟಿನ ಒಂದು ಬದಿಗೆ ಹಿಡಿಯುವುದು ಸುಮಾರು ಮೂರು ನಿಮಿಷ. ಡೊಳ್ಳಿನ ಪದಕ್ಕೆ, ಗೀಗೀ ಪದಕ್ಕೆ, ರಾತ್ರಿ ಊಟ ಮುಗಿಸಿ ಕೂತರೆ ಬೆಳಗಿನವರೆಗೆ ನಡೆಯುವ ಸಣ್ಣಾಟಕ್ಕೆ ಆ ಮೂರು ನಿಮಿಷ ಯಾವ ಮೂಲೆಗೂ ಸಾಲದು. ಸ್ತುತಿ ಮುಗಿಯುವುದರೊಳಗೆ ಮುಳ್ಳು ನಡುವಿಗೆ ಬಂದಿರುತ್ತದೆ. ಹಾಗಾಗಿ ಕಂಪನಿಯವರು ನಮ್ಮ ಕಡೆಯಿಂದ ಆರಿಸಿಕೊಂಡದ್ದು ರಾಗದಾರಿಯವರನ್ನು, ಭಕ್ತಿಗೀತೆಯವರನ್ನು, ನಾಟಕ ಕಂಪನಿಗಳ ನಟರನ್ನು. ರಂಗಗೀತೆಯನ್ನು ಮೂರು ನಿಮಿಷಕ್ಕೆ ಕತ್ತರಿಸಬಹುದಿತ್ತು, ಜನ ಅದನ್ನು ಮೊದಲೇ ಥಿಯೇಟರಿನಲ್ಲಿ ಕೇಳಿರುತ್ತಿದ್ದರು. ಬೀಳಗಿಯ ಅಮೀರಬಾಯಿ, ಗೋಹರಬಾಯಿ ಸಹೋದರಿಯರು ಮುಂಬೈ ಸೇರಿ ‘ಕರ್ನಾಟಕಿ’ ಎಂಬ ಹೆಸರಿನಿಂದಲೇ ಪ್ರಸಿದ್ಧರಾದರು. ಅಮೀರಬಾಯಿಯ ಬದುಕನ್ನು ರಹಮತ್ ತರೀಕೆರೆ ಅವರು ಊರೂರು ತಿರುಗಿ ಹುಡುಕಿ ಬರೆದ ಪುಸ್ತಕ ನನ್ನಂಥವರಿಗೆ ಪಠ್ಯವಿದ್ದ ಹಾಗೆ.

ಹಾವೇರಿ ಜಿಲ್ಲೆಯ ಹೆಸರು ಪ್ಲೇಟಿನ ಲೇಬಲ್ಲಿಗೆ ಹತ್ತಿದ್ದು ಹಾನಗಲ್ಲಿನ ಮೂಲಕ. ಆ ಕಥೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಹುಡುಗಿಗೆ ಇಟ್ಟ ಹೆಸರು ಗಾಂಧಾರಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಓಣಿಯಲ್ಲಿ ಗ್ರಾಮಫೋನ್ ಕೇಳಿಸಿದರೆ ಈ ಹುಡುಗಿ ಮನೆಯಿಂದ ಹೊರಗೆ ಓಡುತ್ತಿದ್ದಳು. ಸಂಗೀತ ಕಲಿಸಲೆಂದೇ ಸಂಸಾರ 1928ರಲ್ಲಿ ಹುಬ್ಬಳ್ಳಿಗೆ ಬಂತು. 1932ರಲ್ಲಿ ಎಚ್‌ಎಂವಿ ಕಂಪನಿ ಆಕೆಯನ್ನು ಮುಂಬೈಗೆ ಕರೆಸಿ ಹಾಡಿಸಿತು. ಪ್ಲೇಟಿನ ಮೇಲೆ ಬಂದ ಹೆಸರು ಗಾಂಧಾರಿ, ಊರು ಹುಬ್ಬಳ್ಳಿ. ಕೆಲವೇ ವರ್ಷಗಳಲ್ಲಿ ಅದೇ ಕಂಠ, ಅದೇ ಹೆಣ್ಣುಮಗಳು, ಬೇರೆ ಹೆಸರಿನಿಂದ ಕೇಳಿಸತೊಡಗಿದಳು: ಗಂಗೂಬಾಯಿ ಹಾನಗಲ್. ಹಾನಗಲ್ ಆಕೆಯ ಪೂರ್ವಿಕರ ಊರು.

ಪಟ್ಟಿ ಹಿಡಿದು ಕೂತವರಿಗೆ ಇದರ ಕಷ್ಟ ಗೊತ್ತಾಗುತ್ತದೆ. ಅಕ್ಷರಕ್ರಮದ ಸೂಚಿಯಲ್ಲಿ ಗಾಂಧಾರಿ ಒಂದು ಕಡೆ, ಗಂಗೂಬಾಯಿ ಇನ್ನೊಂದು ಕಡೆ. ಒಬ್ಬರೇ ಎಂದು ಸೂಚಿ ಹೇಳುವುದಿಲ್ಲ. ಹೇಳುವುದು ಆಕೆಯ ಆತ್ಮಕಥನ ‘ನನ್ನ ಬದುಕಿನ ಹಾಡು’. ಎನ್ಕೆ ಕುಲಕರ್ಣಿಯವರು ಕೇಳಿ ಬರೆದುಕೊಳ್ಳದಿದ್ದರೆ ಆ ಕೊಂಡಿ ಎಷ್ಟು ಸುಲಭವಾಗಿ ಕಳಚುತ್ತಿತ್ತು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಪದ್ಮವಿಭೂಷಣ ಪಡೆದ ಗಾಯಕಿಯ ಸ್ಥಿತಿಯೇ ಹೀಗಿದ್ದರೆ, ಮೇಡ್ಲೇರಿ ಸೀಮೆಯ ಮೇಳದವರ ಹೆಸರು ಎಲ್ಲಿ ನಿಲ್ಲಬೇಕು? ಮಲ್ಲಿಕಾರ್ಜುನ ಮನ್ಸೂರರೂ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದವರು. ಅವರ ‘ನನ್ನ ರಸಯಾತ್ರೆ’, ಕಂಪನಿಯ ಕಡೆಯಿಂದ 1938ರಲ್ಲಿ ಕೆಲಸಕ್ಕೆ ಸೇರಿದ ಜಿ.ಎನ್. ಜೋಶಿಯವರ ನೆನಪುಗಳ ಪುಸ್ತಕ, ಇವನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಮೇಜಿನ ಎರಡೂ ಬದಿ ಕಾಣುತ್ತದೆ. ಹಾಡುವವರು ಆ ಮೂರು ನಿಮಿಷಕ್ಕೆ ರಾಗವನ್ನು ಹೇಗೆ ಹೊಂದಿಸಿದರು ಎಂಬುದು ಒಂದು ಕಡೆ. ಯಾರ ಪ್ಲೇಟು ಮಾರಾಟವಾದೀತೆಂದು ಕಂಪನಿ ಹೇಗೆ ತೂಗಿ ನೋಡಿತು ಎಂಬುದು ಇನ್ನೊಂದು ಕಡೆ.

ಪ್ಲೇಟಿನ ಲೋಕದಲ್ಲೂ ಸ್ವತಂತ್ರ ಕಂಪನಿಗಳಿದ್ದವು. ಮದ್ರಾಸಿನಲ್ಲಿ ಎ.ವಿ. ಮೆಯ್ಯಪ್ಪನ್ ಮತ್ತು ಗೆಳೆಯರ ಸರಸ್ವತಿ ಸ್ಟೋರ್ಸ್ ಜರ್ಮನಿಯ ಓಡಿಯನ್ ಲೇಬಲ್ಲನ್ನು ದಕ್ಷಿಣದಲ್ಲಿ ಹರಡಿತು; ಎವಿಎಂ ಸ್ಟುಡಿಯೊದ ಬೇರು ಅಲ್ಲಿದೆ. ಮುಂಬೈಯ ನ್ಯಾಷನಲ್ ಗ್ರಾಮಫೋನ್ ರೆಕಾರ್ಡ್ ಕಂಪನಿ 1935ರಿಂದ 1955ರವರೆಗೆ ‘ಯಂಗ್ ಇಂಡಿಯಾ’ ಎಂಬ ಹೆಸರಿನಲ್ಲಿ ಸ್ವದೇಶಿ ಪ್ಲೇಟುಗಳನ್ನು ತಂದಿತು. ದೊಡ್ಡ ಕಂಪನಿ ಬೇಡವೆಂದು ಬಿಟ್ಟ ಹೊಸಬರು, ಹವ್ಯಾಸಿಗಳು, ಪ್ರಾಂತ ಭಾಷೆಯವರು ಇಂಥ ಕಡೆ ಬಂದು ಹಾಡಿದರು. ಇವುಗಳ ಚರಿತ್ರೆ ಉಳಿದದ್ದು ಸರ್ಕಾರದಿಂದಲ್ಲ, ಸಂಗ್ರಾಹಕರಿಂದ. 1990ರಲ್ಲಿ ಮುಂಬೈಯಲ್ಲಿ ಶುರುವಾದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ, ಅದರ ‘ದಿ ರೆಕಾರ್ಡ್ ನ್ಯೂಸ್’ ಪತ್ರಿಕೆ, ಸುರೇಶ ಚಾಂದವಣಕರ ಅವರ ದಶಕಗಳ ದುಡಿಮೆ, ಆಸ್ಟ್ರೇಲಿಯದ ಮೈಕೆಲ್ ಕಿನ್ನಿಯರ್ ಅವರ ಪಟ್ಟಿಗಳು ಇಲ್ಲದಿದ್ದರೆ ನಾವು ಕತ್ತಲಲ್ಲಿ ತಡಕಾಡುತ್ತಿದ್ದೆವು. ಯಂಗ್ ಇಂಡಿಯಾ, ಓಡಿಯನ್ ಎರಡೂ ಲೇಬಲ್ಲುಗಳ ಅಳಿದುಳಿದ ಪ್ಲೇಟುಗಳನ್ನು ಬ್ರಿಟಿಷ್ ಲೈಬ್ರರಿಯ ಅಪಾಯದಂಚಿನ ದಾಖಲೆಗಳ ಯೋಜನೆಯಡಿ ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ಯಂಗ್ ಇಂಡಿಯಾ ನಿಂತ ಮೇಲೆ ದೇಶದ ಪ್ಲೇಟು ವ್ಯಾಪಾರ ಬಹುಕಾಲ ಹೆಚ್ಚುಕಡಿಮೆ ಒಂದೇ ಕಂಪನಿಯ, ಅಂದರೆ ಕಲ್ಕತ್ತೆಯ ಡಂಡಂನಲ್ಲಿ ಕಾರ್ಖಾನೆಯಿದ್ದ ಎಚ್‌ಎಂವಿಯ, ಮುಷ್ಟಿಯಲ್ಲಿತ್ತು.

ಯಾಕೆ ಎಂಬುದಕ್ಕೆ ಉತ್ತರ ಯಂತ್ರದಲ್ಲಿದೆ. ಪ್ಲೇಟು ಮಾಡಬೇಕಾದರೆ ಮೇಣದ ಮೇಲೆ ಗೆರೆ ಕೊರೆಯಬೇಕು, ಅದಕ್ಕೆ ವಿದ್ಯುತ್ತಿನಿಂದ ಲೋಹದ ಲೇಪ ಹಚ್ಚಿ ಅಚ್ಚು ತೆಗೆಯಬೇಕು, ಅರಗು, ಕಲ್ಲಿನ ಪುಡಿ, ಇದ್ದಿಲ ಮಸಿ ಬೆರೆಸಿದ ಕಣಕವನ್ನು ಉಗಿಯ ಒತ್ತುಯಂತ್ರದಲ್ಲಿ ಒತ್ತಬೇಕು. ಕೆಲವು ನೂರು ಪ್ರತಿಗಾದರೂ ಗಿರಾಕಿ ಇಲ್ಲದಿದ್ದರೆ ನಷ್ಟ. 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟು ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ನಾಲ್ಕು ಮಿಲಿಮೀಟರಿಗಿಂತ ಕಿರಿದಾದ ಟೇಪು, ಒಂದು ಮೂಲ ಪ್ರತಿ, ಅದಕ್ಕೆ ಜೋಡಿಸಿದ ನಾಲ್ಕೆಂಟು ಡೆಕ್ಕು ಇದ್ದರೆ ಸಣ್ಣ ಕೋಣೆಯೇ ಕಾರ್ಖಾನೆ. ಬೇಕಾದಷ್ಟೇ ಪ್ರತಿ ತೆಗೆಯಬಹುದು. ಉಳಿದುಹೋದದ್ದನ್ನು ಅಳಿಸಿ ಬೇರೆ ಹಾಡು ತುಂಬಬಹುದು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಅರ್ಧ ಗಂಟೆ. ಡೊಳ್ಳಿನ ಪದಕ್ಕೆ ಮೊದಲ ಸಲ ಉಸಿರು ಬಿಡುವಷ್ಟು ಜಾಗ ಸಿಕ್ಕಿತು. ನಮ್ಮ ಹಳ್ಳಿಯ ಹಾಡು ಮುದ್ರಣಕ್ಕೆ ಎಂಬತ್ತು ವರ್ಷ ಕಾಯಬೇಕಾದದ್ದು ಕೇಳುವವರಿಲ್ಲದೆ ಅಲ್ಲ, ಹಿಡಿಯುವ ಪಾತ್ರೆ ಇಲ್ಲದೆ.

ಕರ್ನಾಟಕದಲ್ಲಿ ಈ ಬಾಗಿಲು ತೆರೆದವರು ಬೆಂಗಳೂರಿನವರು. ಎಚ್.ಎಂ. ಮಹೇಶ್ ಅವರ ಸಂಗೀತಾ, ಮನೋಹರ ನಾಯ್ಡು ಮತ್ತು ವೇಲು ಸಹೋದರರ ಲಹರಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗ ಸಿನಿಮಾದ ಹಂಗಿಲ್ಲದೆಯೂ ಕನ್ನಡ ಹಾಡು ಮಾರಾಟವಾಗುತ್ತದೆ ಎಂಬುದು ಗೊತ್ತಾಯಿತು. ನಮ್ಮ ಜಿಲ್ಲೆಯ ಶರೀಫರನ್ನು ನಾಡಿಗೆಲ್ಲ ಮುಟ್ಟಿಸಿದ್ದೂ ಕ್ಯಾಸೆಟ್ಟೇ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ಅಲ್ಲಿಯೇ ದೇಹ ಬಿಟ್ಟ ಶರೀಫರ ಪದಗಳು ಭಜನೆ ಮೇಳಗಳ ಬಾಯಲ್ಲಿ ಇದ್ದವು, ಸಿ. ಅಶ್ವತ್ಥ್ ಅವಕ್ಕೆ ತಮ್ಮ ದನಿ ಕೊಟ್ಟರು, 1990ರಲ್ಲಿ ನಾಗಾಭರಣರ ಚಿತ್ರ ಬಂತು. ಅಶ್ವತ್ಥರ ದನಿಯನ್ನು ನಾನು ಮನಸಾರೆ ಮೆಚ್ಚುವವನು. ಆದರೂ ಒಂದು ಮಾತು ಹೇಳಲೇಬೇಕು: ಇಂದು ಶರೀಫರ ಪದವೆಂದರೆ ಅಶ್ವತ್ಥರ ಧಾಟಿ ಎಂದು ನಂಬಿದವರೇ ಹೆಚ್ಚು, ಶಿಶುನಾಳದ ಸುತ್ತಿನ ಮೇಳಗಳು ತಂಬೂರಿ, ತಾಳ, ದಮ್ಮಡಿಯ ಜೊತೆ ಹಾಡುತ್ತಿದ್ದ ಧಾಟಿ ಬೇರೆ. ಆ ಧಾಟಿಯನ್ನು ಹಿಡಿದದ್ದು ಸಣ್ಣ ಕಂಪನಿಗಳ, ಕಳಪೆ ಟೇಪ್‌ನ, ಅಗ್ಗದ ಕ್ಯಾಸೆಟ್ಟುಗಳು. ಅದಕ್ಕೇ ಅವುಗಳ ಚರಿತ್ರೆ ನನಗೆ ಮುಖ್ಯ.

ಉತ್ತರ ಭಾರತದ ಇಂಥ ಕಂಪನಿಗಳ ಬಗ್ಗೆ ಪೀಟರ್ ಮ್ಯಾನುಯೆಲ್ 1993ರಲ್ಲೇ ‘ಕ್ಯಾಸೆಟ್ ಕಲ್ಚರ್’ ಎಂಬ ದೊಡ್ಡ ಗ್ರಂಥ ಬರೆದರು. ಬ್ರಜದ ರಸಿಯಾ, ಗಲ್ಲಿಯ ಅಂಗಡಿ, ಪ್ರಾಂತೀಯ ಲೇಬಲ್ಲು ಎಲ್ಲವೂ ಅದರಲ್ಲಿದೆ. ನಮ್ಮ ಕಡೆಗೂ ಅದೇ ಮಾದರಿ ಒಪ್ಪುತ್ತದೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯಂಥ ಪೇಟೆಗಳಲ್ಲಿ ಕ್ಯಾಸೆಟ್ ಅಂಗಡಿಗೆ ಎರಡು ಕೆಲಸವಿತ್ತು. ಕಂಪನಿಯ ಕ್ಯಾಸೆಟ್ಟು ಮಾರುವುದು ಒಂದು, ಚೀಟಿಯಲ್ಲಿ ಹಾಡು ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವುದು ಇನ್ನೊಂದು. ಎರಡನೆಯದು ಕಾನೂನಿಗೆ ಹೊರಗಿನದು, ಆದರೆ ಯಾವ ಹಾಡಿಗೆ ಗಿರಾಕಿ ಇದೆ ಎಂಬುದು ಅಂಗಡಿಯವನಿಗೆ ಕಂಪನಿಗಿಂತ ಮೊದಲು ತಿಳಿಯುತ್ತಿದ್ದುದು ಅದರಿಂದಲೇ. ಊರಿನ ಮೇಳವನ್ನು ಕರೆಸಿ ಹಾಡಿಸಿ ತನ್ನದೇ ಹೆಸರಿನಲ್ಲಿ ಕ್ಯಾಸೆಟ್ಟು ತರುವ ಧೈರ್ಯ ಬರುತ್ತಿದ್ದುದೂ ಅಲ್ಲಿಂದಲೇ.

ಇಂಥ ಅಂಗಡಿಗಳ ಬೆನ್ನು ಹತ್ತಲು ಕಾಗದಗಳು ಇವೆ, ದಾರಿ ಗೊತ್ತಿರಬೇಕು. ಕ್ಯಾಸೆಟ್ಟಿನ ಕಾಗದದ ಮೇಲೆ ವಿಳಾಸ ಸಿಕ್ಕರೆ ಟ್ರೇಡ್ ಮಾರ್ಕ್ಸ್ ಜರ್ನಲ್ ತೆರೆಯಬೇಕು. ಧ್ವನಿಮುದ್ರಿತ ಟೇಪು, ಪ್ಲೇಟುಗಳು 9ನೇ ವರ್ಗ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಅರ್ಜಿದಾರರು ಯಾವ ದಿನದಿಂದ ಆ ಹೆಸರನ್ನು ಬಳಸುತ್ತಿದ್ದಾರೆಂದು ಅಲ್ಲಿ ಹೇಳಿಕೊಂಡಿರುತ್ತಾರೆ, ಕಂಪನಿ ಹುಟ್ಟಿದ ತಾರೀಖಿಗೆ ಅದಕ್ಕಿಂತ ಹತ್ತಿರದ ಸಾಕ್ಷಿ ಕಷ್ಟ. ಪಾಲುದಾರಿಕೆಯ ವ್ಯವಹಾರವಾಗಿದ್ದರೆ 1932ರ ಕಾಯ್ದೆಯಂತೆ ಫರ್ಮುಗಳ ನೋಂದಣಾಧಿಕಾರಿಯ ಪುಸ್ತಕದಲ್ಲಿ ಪಾಲುದಾರರ ಹೆಸರು, ಸೇರಿದ ದಿನ ಇರುತ್ತದೆ. ಆದರೆ ನೋಂದಣಿ ಕಡ್ಡಾಯವಲ್ಲ, ಒಬ್ಬನೇ ನಡೆಸುವ ಅಂಗಡಿಗೆ ಅದು ಬೇಕಾಗಿಯೂ ಇಲ್ಲ. ಎಲ್ಲಕ್ಕಿಂತ ಒಳ್ಳೆಯ ಭಂಡಾರ ಮೈಕ್ ಸೆಟ್ಟಿನವರ ಮನೆ. ಮದುವೆ, ಜಾತ್ರೆ, ಚುನಾವಣೆ ಎಂದು ಊರೂರು ತಿರುಗುತ್ತಿದ್ದ ಅವರು ಕ್ಯಾಸೆಟ್ಟುಗಳನ್ನು ಕಬ್ಬಿಣದ ಟ್ರಂಕಿನಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದರು, ಕಾಗದವನ್ನು ಎಸೆಯುತ್ತಿರಲಿಲ್ಲ. ಕತ್ತಲಲ್ಲಿ ಬೇಕಾದ ಹಾಡು ತೆಗೆಯಲು ಅವರಿಗೆ ಅದು ಬೇಕಿತ್ತು.

ಹೀಗೆ ಬಿಡಿಸಿದ ಕಾಗದಗಳನ್ನು ಸಾಲಾಗಿ ಹರಡಿ ನೋಡಿದಾಗ ನನಗೆ ಕಂಡ ಸಂಗತಿ ಒಂದೇ, ಅದನ್ನು ಹೇಳಲೆಂದೇ ಇಷ್ಟು ಬರೆದದ್ದು. 52ಎ ಕಲಮು ಕೇಳುವುದು ಮುದ್ರಿಸಿದವರ ಹೆಸರು, ಹಕ್ಕುದಾರರ ಹೆಸರು. ಹಾಡಿದವರ ಹೆಸರನ್ನು ಅದು ಕೇಳುವುದೇ ಇಲ್ಲ. ಕಾನೂನಿನ ಕಣ್ಣಿಗೆ ಧ್ವನಿಮುದ್ರಣದ ಕರ್ತೃ ನಿರ್ಮಾಪಕ. ಹಕ್ಕು ಅರವತ್ತು ವರ್ಷ ಅವರದು. ಸಿನಿಮಾ ಹಾಡಿನ ಕ್ಯಾಸೆಟ್ಟಿನಲ್ಲಿ ಗಾಯಕರ ಹೆಸರು ಹಾಕುವುದು ಮಾರಾಟಕ್ಕೆ ಬೇಕು, ಹಾಕುತ್ತಾರೆ. ಡೊಳ್ಳಿನ ಪದದ ಕ್ಯಾಸೆಟ್ಟಿಗೆ ‘ಜಾನಪದ’ ಎಂದರೆ ಮುಗಿಯಿತು. ಮುಮ್ಮೇಳದವರ ಹೆಸರು ಇದ್ದರೆ ಇದೆ, ಹಿಮ್ಮೇಳದ ಮಾತು ದೂರವೇ ಉಳಿಯಿತು. ಹಾಡುವವರಿಗೂ ಹಕ್ಕಿದೆ ಎಂದು ನಮ್ಮ ಕಾಯ್ದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ, ಜಾರಿಗೆ ಬಂದದ್ದು 1995ರ ಮೇ 10ರಂದು. ‘ಹಾಡಿದ್ದು ನಾನು’ ಎಂದು ಹೆಸರು ಹೇಳಿಸಿಕೊಳ್ಳುವ ಹಕ್ಕು, ಅಂದರೆ 38ಬಿ ಕಲಮು, ಬಂದದ್ದು 2012ರ ಜೂನ್ 21ಕ್ಕೆ. ಅಷ್ಟೊತ್ತಿಗೆ ಕ್ಯಾಸೆಟ್ ಕಾಲವೇ ಮುಗಿದಿತ್ತು. ರಾತ್ರಿಯೆಲ್ಲ ಹಾಡಿ ಸಂಭಾವನೆ ತೆಗೆದುಕೊಂಡು ಊರಿಗೆ ಮರಳಿದವರಿಗೆ ಅದು ಯಾವ ಪ್ರಯೋಜನಕ್ಕೂ ಬರಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಆಕಾಶವಾಣಿಯ ನಡೆ ಬೇರೆ ಇತ್ತು. 1950ರ ಜನವರಿ 8ರಂದು ಶುರುವಾದ ಧಾರವಾಡ ಕೇಂದ್ರ ಹಳ್ಳಿಯ ಕಲಾವಿದರನ್ನು ಪರೀಕ್ಷಿಸಿ, ಹೆಸರಿಗೆ ಕರಾರು ಪತ್ರ ಕಳಿಸಿ ಹಾಡಿಸಿತು. ಹಣ ಕೊಡಬೇಕಾದರೆ ಹೆಸರು, ಊರು ಬರೆಯಲೇಬೇಕು. ಅದಕ್ಕೂ ಹಿಂದೆ, 1938ರಲ್ಲಿ, ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ಕರ್ನಾಟಕ, ಕೇರಳ, ತಮಿಳು ಸೀಮೆಗಳಲ್ಲಿ ಧ್ವನಿ ಮತ್ತು ಚಲನಚಿತ್ರ ಎರಡನ್ನೂ ಹಿಡಿದಿದ್ದ. 1984ರಲ್ಲಿ ನಜೀರ್ ಜೈರಾಜಭೋಯ್ ಮತ್ತು ಏಮಿ ಕ್ಯಾಟ್ಲಿನ್ ಅವೇ ಊರುಗಳಿಗೆ ಹೋಗಿ ಹಾಡಿದವರನ್ನೂ ಅವರ ಮಕ್ಕಳನ್ನೂ ಹುಡುಕಿದರು. ಟಿಪ್ಪಣಿಯಲ್ಲಿ ಊರಿನ ಹೆಸರು ಇದ್ದುದರಿಂದ ಅದು ಸಾಧ್ಯವಾಯಿತು. ಹಳೆಯ ಕ್ಯಾಸೆಟ್ಟುಗಳು ಈಗ ಯೂಟ್ಯೂಬಿಗೆ ಏರುತ್ತಿವೆ, ಸಂತೋಷ. ಆದರೆ ಅಲ್ಲಿ ಹಾಡಿನ ಕೆಳಗೆ ಕಾಣುವ ಇಸವಿಯನ್ನು ನಂಬಬಾರದು. ಎಷ್ಟೋ ಸಲ ಅದು ಡಿಜಿಟಲ್ ರೂಪದಲ್ಲಿ ಏರಿಸಿದ ವರ್ಷ. ಕ್ಯಾಸೆಟ್ಟಿನ ಕಾಗದದ್ದೇ ನಿಜ.

ಕಂಪನಿಯ ಕಾಗದದಲ್ಲಿ ಹೆಸರಿಲ್ಲದಿದ್ದರೆ ಎಲ್ಲಿ ನೋಡಬೇಕು? ಉತ್ತರ ಹೊಳೆದದ್ದು ಗೌಹರ್ ಜಾನ್ ಟಿಪ್ಪಣಿಯ ಪುಟ ತಿರುವುವಾಗ. ನಮ್ಮ ಹಾಡಿನವರಿಗೆ ಹ್ಯಾನೋವರಿನ ಕಾರ್ಖಾನೆಯ ಅಗತ್ಯವೇ ಇರಲಿಲ್ಲ, ಹೆಸರನ್ನೂ ಊರನ್ನೂ ಹಾಡಿನ ಕೊನೆಗೆ ಕಟ್ಟಿಡುವುದು ಅವರಿಗೆ ಮೊದಲಿನಿಂದ ಬಂದ ಪದ್ಧತಿ. ರಾಣೆಬೆನ್ನೂರು ತಾಲ್ಲೂಕಿನಲ್ಲೇ, ತುಂಗಭದ್ರೆಯ ದಡದ ಚೌಡಯ್ಯದಾನಪುರದಲ್ಲಿ ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ನೆನಪಿದೆ. ದೇವರ ಹೆಸರನ್ನು ಅಂಕಿತವಾಗಿಟ್ಟುಕೊಂಡ ಶರಣರ ನಡುವೆ ಆತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಅಂಕಿತದಲ್ಲಿದೆ. ಶಿಶುನಾಳ ಶರೀಫರ ಅಂಕಿತದಲ್ಲಿದೆ. ಡೊಳ್ಳಿನ ಪದ, ಗೀಗೀ ಪದ, ಲಾವಣಿಗಳ ಕೊನೆಯ ನುಡಿಯಲ್ಲೂ ಅದೇ ಕ್ರಮ: ಊರು ಯಾವುದು, ಊರ ದೇವರು ಯಾರು, ಗುರು ಯಾರು, ಪದ ಕಟ್ಟಿದ ಕವಿ ಯಾರು, ಒಮ್ಮೊಮ್ಮೆ ಹಿಮ್ಮೇಳದ ಜೊತೆಗಾರರು ಯಾರು ಎಂಬುದನ್ನು ಹೇಳಿಯೇ ಪದ ಮುಗಿಸುವುದು. ಕಂಪನಿ ಬರೆಯದೆ ಬಿಟ್ಟದ್ದನ್ನು ಮೇಳ ಹಾಡಿ ಇಟ್ಟಿದೆ.

ಹಾಗಾಗಿ ಈಗ ನನ್ನ ಕೆಲಸದ ಕ್ರಮ ಬದಲಾಗಿದೆ. ಕ್ಯಾಸೆಟ್ಟು ಸಿಕ್ಕ ಕೂಡಲೇ ಕಾಗದದ ಎರಡೂ ಬದಿ, ಕ್ಯಾಸೆಟ್ಟಿನ ಎರಡೂ ಮುಖ ಫೋಟೊ ತೆಗೆಯುತ್ತೇನೆ. ಆಮೇಲೆ ಟೇಪನ್ನು ಕೈಯಿಂದ ಮೆಲ್ಲಗೆ ಸುತ್ತಿ ಸಡಿಲ ತೆಗೆದು, ಪ್ರತಿ ಪದದ ಕೊನೆಯ ನುಡಿಯನ್ನು ಮೊದಲು ಕೇಳುತ್ತೇನೆ. ಅರ್ಧ ಗಂಟೆಯ ಬದಿಗೆ ಹೊಂದಿಸಲು ಮುದ್ರಿಸಿದವರು ಕೊನೆಗೇ ಕತ್ತರಿ ಹಾಕಿದ್ದರೆ ಊರು ಅರ್ಧಕ್ಕೆ ನಿಲ್ಲುತ್ತದೆ. ಇನ್ನೊಂದು ಬದಿಯಲ್ಲಿ ಅದೇ ಮೇಳದ ಇನ್ನೊಂದು ಪದದಲ್ಲಿ ಪೂರ್ತಿ ಸಿಗಬಹುದು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ, ಜಗತ್ತಿನಲ್ಲಿ ಎಲ್ಲೂ ಸಿಗದ ಈ ಕ್ಯಾಸೆಟ್ಟುಗಳಿಗೆ ಅದಕ್ಕಿಂತ ಹತ್ತಿರದ, ಸರಿಯಾದ ಮನೆ ಇಲ್ಲ. ಹಕ್ಕುದಾರರು ಎಲ್ಲಿದ್ದಾರೆಂದು ತಿಳಿಯದ ಪ್ರಕಟಿತ ಕೃತಿಗಳಿಗೂ ಪರವಾನಗಿ ಪಡೆಯುವ ದಾರಿಯನ್ನು 2012ರ ತಿದ್ದುಪಡಿಯ 31ಎ ಕಲಮು ತೆರೆದಿದೆ, ಪತ್ರಿಕೆಯಲ್ಲಿ ಮೊದಲು ಪ್ರಕಟಣೆ ಕೊಟ್ಟು ಅರ್ಜಿ ಹಾಕಬೇಕು. ಮೇಡ್ಲೇರಿ, ಹಲಗೇರಿ, ದೇವರಗುಡ್ಡ, ಕಾಗಿನೆಲೆ ಕಡೆಯವರಲ್ಲಿ ನನ್ನದೊಂದು ಕೋರಿಕೆ. ಕಾಗದ ಕಳೆದಿದೆಯೆಂದು, ಡಬ್ಬಿ ಒಡೆದಿದೆಯೆಂದು ಕ್ಯಾಸೆಟ್ಟನ್ನು ಗುಜರಿಗೆ ಹಾಕಬೇಡಿ. ಟೇಪು ತುಂಡಾಗಿದ್ದರೂ ಕೂಡಿಸಬಹುದು. ಮನೆಯ ಹಿರಿಯರು ಮೇಳದಲ್ಲಿದ್ದವರಾದರೆ ಅವರ ಹಾಡಿನ ನೋಟ್‌ಬುಕ್ಕನ್ನೂ ತೆಗೆದಿಡಿ; ಟೇಪಿನಲ್ಲಿ ಕತ್ತರಿಸಿಹೋದ ಕೊನೆಯ ನುಡಿ ಅದರಲ್ಲಿ ಪೂರ್ತಿಯಾಗಿ ಬರೆದಿರುತ್ತದೆ.